ಇಪ್ಪತ್ತನೆಯ ಪ್ರಾಣಿ

ರಾಯಚೂರು
೧೪ ಮಾರ್ಚ್ ೧೯೮೨

ಗೆಳೆಯ ಮಹಾಂತಯ್ಯನಿಗೆ ಮೀರಾಹುಸೇನನ ಸಲಾಮು, ಶರಣು, ಎರಡೂ.

ಮೊದಲು ತಪ್ಪೊಪ್ಪಿಗೆ. ಎಪ್ಪತ್ತೆಂಟನೆಯ ಇಸವಿಯ ಬೇಸಿಗೆಯಲ್ಲಿ ಗುಲಬರ್ಗಾದ ನಿನ್ನ ಮನೆಯ ಕಪಾಟಿನಿಂದ ಕಾಣೆಯಾದ ದುರ್ಬೀನನ್ನು ಕದ್ದ ಆರೋಪಿ ನಾನೇ. ಅದನ್ನು ಟವೆಲಿನಲ್ಲಿ ಸುತ್ತಿ, ಮೇಲೆ ನಿನ್ನ ಹೆಂಡತಿ ಕಟ್ಟಿಕೊಟ್ಟ ರೊಟ್ಟಿಯ ಬುತ್ತಿ ಇಟ್ಟು, ಆ ಚೀಲವನ್ನು ನಿನ್ನ ಕೈಯಿಂದಲೇ ರೈಲಿಗೆ ಏರಿಸಿಕೊಂಡೆ. ನೀನು ಷಡ್ಡಕನ ಮೇಲೆ ಸಂಶಯಪಟ್ಟು ಎರಡು ವರ್ಷ ಅವನೊಡನೆ ಮಾತು ಬಿಟ್ಟೆಯಲ್ಲ, ಆ ನಿರಪರಾಧಿಗೆ ನನ್ನ ನಮಸ್ಕಾರ ತಿಳಿಸು. ಮುದ್ದೆಮಾಲು ಪಾರ್ಸಲಿನಲ್ಲಿ ವಾಪಸು ಬರುತ್ತಿದೆ.

ಉತ್ತರ ತಡವಾಯಿತು, ಮನ್ನಿಸು. ಅಕ್ಷರ ಕುಂಬಳಕಾಯಿಯಷ್ಟು ದಪ್ಪ ಎಂದು ಗೊಣಗಬೇಡ. ಕಾಲೇಜಿನಲ್ಲಿ ಇತಿಹಾಸ ಹೇಳುವವನ ಬರಹ ಶಾಸನದಂತೆಯೇ ಇರಬೇಕು.

ನಿನ್ನ ಲಂಕೆ ಪ್ರವಾಸದ ಪತ್ರವನ್ನು ನನ್ನಾಕೆ ಜಾಹೆದಾ ಮೂರು ಸಲ ಗಟ್ಟಿಯಾಗಿ ಓದಿದಳು. ನಾನು ಮೂರು ಸಲ ಹೊಟ್ಟೆ ಉರಿಸಿಕೊಂಡೆ. ನಮ್ಮ ನಾಲ್ಕೈದು ಜಿಲ್ಲೆ ಜೋಡಿಸಿದಷ್ಟು ಅಗಲದ ದ್ವೀಪವಂತೆ. ಬೆಳಿಗ್ಗೆ ಬೆಟ್ಟ, ಮಧ್ಯಾಹ್ನ ಕಾಡು, ಸಂಜೆ ಸಮುದ್ರವಂತೆ. ಎಂಟು ದಿನದ ಬಸ್ ಪ್ರಯಾಣದಲ್ಲಿ ಆನೆ, ಚಿರತೆ, ಕರಡಿ ಸೇರಿ ಹತ್ತೊಂಬತ್ತು ಬಗೆಯ ಜೀವಿಗಳಂತೆ! ಅಷ್ಟಕ್ಕೇ ಬಿಟ್ಟೆಯಾ? ಕೆಳಗೆ ಗೀಚಿದೆ: "ನಿನ್ನ ರಾಯಚೂರಾಗ ಏನದಲೇ? ಹಗಲಿಗೆ ಹಂದಿ, ಸಂಜಿಗೆ ಸೊಳ್ಳಿ. ಎಂಟು ದಿನದಾಗ ನೀ ಇಪ್ಪತ್ತು ನೋಡಿ ಬಂದ್ರ ನನ್ನ ಮೀಸಿ ಬೋಳಿಸ್ಕೋತೀನಿ. ಆದ್ರ ಸ್ವಂತ ಕಣ್ಣಿಲೆ ಕಂಡಿರಬೇಕು ಮತ್ತ!"

ಆ ಮೀಸೆ! ಕಾಲೇಜಿನ ದಿನಗಳಿಂದ ನನ್ನ ಮೇಲೆ ತಿರುವುತ್ತ ಬಂದ ಮೀಸೆ! ಅದು ನೆಲಕ್ಕೆ ಬೀಳುವುದನ್ನು ನೋಡಲು ನಾನು ಏನು ಬೇಕಾದರೂ ಮಾಡುವವನಿದ್ದೆ. ಲಂಕೆಯನ್ನು ಸಮುದ್ರ ಸುತ್ತಿದ್ದರೆ ನಮ್ಮನ್ನು ಕೃಷ್ಣೆ ಒಂದು ಕಡೆಯಿಂದ, ತುಂಗಭದ್ರೆ ಇನ್ನೊಂದು ಕಡೆಯಿಂದ ತಬ್ಬಿಲ್ಲವೇ? ಗುಡ್ಡ, ಎರೆಹೊಲ, ಕಾಲುವೆ, ಗದ್ದೆ, ಹೊಳೆ, ಯಾವುದಕ್ಕೆ ಬರ? ರಜೆ ಹಾಕಿ, ದುರ್ಬೀನು ಕೊರಳಿಗೆ ಹಾಕಿ, ಜಾಹೆದಾಳನ್ನು ಕರೆದುಕೊಂಡು ಸರ್ಕಾರಿ ಬಸ್ ಹತ್ತಿದೆ.

ಈಗ ಕೇಳಿ ನಡುಗು. ಕೋಟೆಯ ಗುಡ್ಡದಲ್ಲೇ ಮುಸುವ, ಉಡ, ಮುಂಗುಸಿ. ಕಲ್ಲೂರಿನ ಆಚೆ ಎರೆಹೊಲದಲ್ಲಿ ಚಿಗರಿಯ ಹಿಂಡು. ಚಿಗರಿ ಕಂಡು ನಾನು ಚಿಗುರಿದೆ. ಅದೇ ಊರಿನ ಕಲ್ಲುಗುಡ್ಡದ ಬುಡದಲ್ಲಿ ತೋಳ. ಜಾಹೆದಾ ನನ್ನ ತೋಳು ಹಿಡಿದಳು. ಮಾನ್ವಿಯ ಗದ್ದೆಗಳಲ್ಲಿ ಕೊಕ್ಕರೆಗಳೇ ನಾಲ್ಕು ಜಾತಿ. ಬಸ್ಸಿನ ಕಿಟಕಿಯಲ್ಲಿ ಜಾಹೆದಾ, ಪಕ್ಕದಲ್ಲಿ ದುರ್ಬೀನುಧಾರಿ ನಾನು. "ಅಜೀ, ಆ ಜಾಲಿ ಗಿಡದ ಎಡಕ್ಕ, ನರಿ!" ಎಂದು ಅವಳು ಕೂಗಿದರೆ ಬಸ್ಸಿಗೆ ಬಸ್ಸೇ ಎಡಕ್ಕೆ ವಾಲುತ್ತಿತ್ತು. ಕಂಡಕ್ಟರ್ ರೇಗಿದ: "ಯಕ್ಕಾ, ನಿಮ್ಮ ನರಿ ಸಲುವಾಗಿ ಗಾಡಿ ಪಲ್ಟಿ ಆಗ್ತದ. ಮುಂದಿನ ನರಿನ ಬಲಕ್ಕ ತೋರಸ್ರಿ!"

ದೇವದುರ್ಗ ದಾಟಿ ಕೃಷ್ಣೆಯ ದಂಡೆಯ ಗೂಗಲ್ ಹಳ್ಳಿ ಮುಟ್ಟುವಾಗ ಏಳನೆಯ ದಿನ. ಹೊಳೆಯಲ್ಲಿ ನೀರುನಾಯಿಗಳು ಸಿಕ್ಕವು. ದಾರಿಯಲ್ಲಿ ಕಂಡ ಮಿಕ್ಕವೂ ಸೇರಿ ಒಟ್ಟು ಹತ್ತೊಂಬತ್ತು. ಲಂಕೆಗೆ ಸಮ! ಇನ್ನೊಂದು ಬೇಕು, ಒಂದೇ ಒಂದು. ಆ ಒಂದು ಮೊಸಳೆಯೇ ಆಗಬೇಕೆಂದು ನಾನು ಹಟ ಹಿಡಿದೆ.

ಹರಿಗೋಲು ನಡೆಸುವ ತಾಯಣ್ಣ ಎಂಬ ಮುದುಕ ನನ್ನ ಕೊರಳಿನ ದುರ್ಬೀನು ನೋಡಿ ನಕ್ಕ. ಅಲ್ಲಿಯವರದು ಒಂದು ಪದ್ಧತಿ. ನೀರಿಗಿಳಿಯುವ ಮೊದಲು ದಂಡೆಯ ಪ್ರತಿಯೊಂದು ಗುಂಡುಕಲ್ಲಿಗೂ ಮೂರು ಹಳ್ಳು, ಅಂದರೆ ಸಣ್ಣ ಕಲ್ಲು, ಎಸೆಯುತ್ತಾರೆ. ಕೊಡ ತಂದ ಹೆಂಗಸರೂ ಮೊದಲು ಎಸೆದೇ ಇಳಿಯುತ್ತಾರೆ.

"ಕಣ್ಣ ನಂಬಬ್ಯಾಡ್ರಿ ಮಾಸ್ತರ," ಎಂದ ತಾಯಣ್ಣ. "ಮೂರು ಹಳ್ಳು ಒಗೀರಿ. ಗುಂಡಾಗಿದ್ರ ಟಕ್ ಅಂತದ. ಇಲ್ಲಾಂದ್ರ ಎದ್ದು ಹೋಗ್ತದ."

"ಹಳ್ಳು ನಿಮಗಿರ್ಲಿ ಯಪ್ಪಾ. ನಮ್ಮ ಕಡೆ ಇದು ಅದ ನೋಡ್ರಿ!" ಎಂದು ದುರ್ಬೀನು ತಟ್ಟಿದೆ. ಅವನು ಹೆಗಲು ಕುಣಿಸಿ, ಹರಿಗೋಲಿನೊಳಗಿನ ನೀರು ಮೊಗೆದು ಚೆಲ್ಲಲು ತಿರುಗಿದ.

ಜಾಹೆದಾ ಊಟದ ಡಬ್ಬಿ ತೊಳೆಯಲು ಹೊರಟವಳು ನಿಂತಳು. "ಅಜೀ, ಆ ಕರಿ ಗುಂಡಿಗೆ ಬಾಲ ಇದ್ದಂಗ ಕಾಣ್ತದಲ್ರೀ?"

ನಾನು ದುರ್ಬೀನು ಎತ್ತಿದೆ. ತಿರುಪು ತಿರುವಿದೆ. ಪಾಠ ಹೇಳುವ ದನಿಯಲ್ಲಿ ಸಾರಿದೆ: "ಗುಂಡು ಬೇ. ಬರೀ ಗುಂಡು. ಬಾಲ ಅಲ್ಲ, ನೆರಳು. ಹೋಗು."

ಹೋದಳು. ಬಗ್ಗಿದಳು.

ಗುಂಡು ಬಾಯಿ ತೆರೆಯಿತು.

ಮಹಾಂತಯ್ಯ, ಮುಂದಿನದನ್ನು ಬರೆಯಲು ತಮಾಷೆಯ ಮಾತು ಹುಡುಕಿದೆ, ಸಿಗಲಿಲ್ಲ. ನೀರು ಎದ್ದಿತು. ಸೀರೆ ಹರಿಯಿತು; ಆ ಸದ್ದು ಈಗಲೂ ಕಿವಿಯಲ್ಲಿದೆ, ಬಜಾರಿನಲ್ಲಿ ಬಟ್ಟೆಯಂಗಡಿಯ ಮುಂದೆ ಹೋಗಲಾರೆ. ನಾನು ನಿಂತಲ್ಲೇ ನಿಂತಿದ್ದೆ, ದುರ್ಬೀನು ಕಣ್ಣಿಗೆ ಒತ್ತಿಕೊಂಡೇ. ಓಡಿದವನು ತಾಯಣ್ಣ. ಹರಿಗೋಲಿನ ಹುಟ್ಟಿನಿಂದ ನೀರಿಗೂ ಅದರ ಮೂತಿಗೂ ಬಡಿಬಡಿದು, ಅವಳ ರಟ್ಟೆ ಹಿಡಿದು ಎಳೆದು ಹಾಕಿದ. ಸೆರಗೂ ಡಬ್ಬಿಯೂ ಕೃಷ್ಣೆಯ ಪಾಲಾದವು. ಕಲ್ಲಿಗೆ ಬಿದ್ದು ಅವಳ ಬಲ ಮುಂಗೈ ಮುರಿದಿತ್ತು.

ತಾಯಣ್ಣ ನನಗೆ ಬೈಯಲಿಲ್ಲ. ತನ್ನ ಧೋತರ ಅವಳಿಗೆ ಹೊದಿಸಿ, ನನ್ನತ್ತ ನೋಡಿ ಇಷ್ಟೇ ಕೇಳಿದ: "ಹಳ್ಳು ತುಟ್ಟಿ ಆಗಿದ್ವೇನ್ರಿ?"

ಜಾಹೆದಾ ಹಲ್ಲು ಕಟಕಟಿಸುತ್ತ ನನ್ನನ್ನು ಹುಡುಕಿ ನೋಡಿದಳು. ಅವಳ ಮೊದಲ ಮಾತು ಏನು ಗೊತ್ತೇ? "ಬರಕೋರಿ. ಇಪ್ಪತ್ತು."

ಬರೆದುಕೊಂಡೆ. ಇಪ್ಪತ್ತರ ಸೊನ್ನೆ ಮುಚ್ಚಲೇ ಇಲ್ಲ.

ಈಗ ಮುಂಗೈಗೆ ಪ್ಲಾಸ್ಟರ್ ಇದೆ. ನಾನೇ ರೊಟ್ಟಿ ಬಡಿಯುತ್ತೇನೆ. ಅವು ಲಂಕೆಯ ನಕ್ಷೆಯಂತಿರುತ್ತವೆ ಎಂದು ಅವಳು ನಗುತ್ತಾಳೆ. ಅವಳ ಸಿಟ್ಟೆಲ್ಲ ನಿನ್ನ ದುರ್ಬೀನಿನ ಮೇಲೆ; ಅದು ನೀನು ಕೊಟ್ಟದ್ದೆಂದೇ ಅವಳಿಗೆ ಹೇಳಿದ್ದೆ. "ನಿಮ್ಮ ದೋಸ್ತ ಕೊಟ್ಟಿದ್ದು ಖೋಟಾ ಅದ. ಮೊಸಳಿನ ಗುಂಡು ಮಾಡಿ ತೋರಿಸ್ತದ. ಮನಿಯಾಗ ಇಡಬ್ಯಾಡ್ರಿ, ವಾಪಸ್ ಕಳಸ್ರಿ." ದೂರದರ್ಶಕದ ಮೇಲೆ ದೂರು! ಅದಕ್ಕೇ ಈ ಪಾರ್ಸಲು. ಗೂಗಲ್ಲಿನ ಗುಡಿಯ ಅಲ್ಲಮಪ್ರಭುವೂ ನಮ್ಮ ಅಲ್ಲಾನೂ ನಿನ್ನ ಮನೆಮಂದಿಯನ್ನು ತಣ್ಣಗಿಡಲಿ. ಮಕ್ಕಳಿಗೆ ಆಶೀರ್ವಾದ.

ನಿನ್ನ
ಮೀರಾಹುಸೇನ

ತಾ.ಕ.: ದುರ್ಬೀನು ಖೋಟಾ ಅಲ್ಲ. ಎಪ್ಪತ್ತೆಂಟರಲ್ಲಿ ನಾನು ನಿನ್ನ ಮನೆಗೆ ಬಂದದ್ದು ಸೊಲ್ಲಾಪುರದ ಕಣ್ಣಿನ ಡಾಕ್ಟರರ ಬಳಿಯಿಂದ. ಕಣ್ಣಿನ ಒಳಪರದೆ ಒಣಗುತ್ತಿದೆ, ಇದಕ್ಕೆ ಚಷ್ಮಾ ಇಲ್ಲ, ಔಷಧ ಇಲ್ಲ ಎಂದಿದ್ದರು. ಅಂದು ಸಂಜೆ ನಿನ್ನ ಮಾಳಿಗೆಯ ಮೇಲೆ ಆ ಗಾಜಿನಲ್ಲಿ ದರ್ಗಾದ ಗುಮ್ಮಟ ಒಂದು ಗಳಿಗೆ ಚೊಕ್ಕ ಕಂಡಿತು. ಅದಕ್ಕೇ ಕದ್ದೆ. ಈಗ ಅದರಲ್ಲೂ ಏನೂ ಇಲ್ಲ. ಅಂದು ಹೊಳೆಯಲ್ಲಿ ನನಗೆ ಗುಂಡೂ ಕಾಣಲಿಲ್ಲ, ಮೊಸಳೆಯೂ ಕಾಣಲಿಲ್ಲ, ಬರೀ ಮಬ್ಬು. ಕಾಣುವುದಿಲ್ಲ ಎನ್ನಲು ನಾಚಿಕೆಯಾಗಿ "ಹೋಗು" ಎಂದೆ.

ಜಾಹೆದಾಳಿಗೆ ಇನ್ನೂ ಹೇಳಿಲ್ಲ. ಉತ್ತರವನ್ನು ಕಾಲೇಜಿನ ವಿಳಾಸಕ್ಕೆ ಬರೆ, ದಪ್ಪ ಅಕ್ಷರದಲ್ಲಿ. ಮನೆಗೆ ಬಂದ ಪತ್ರ ಓದುವವಳು ಅವಳು. ಮೀಸೆಗೆ ಕತ್ತರಿ ಹಾಕಬೇಡ. ಷರತ್ತು ಸ್ವಂತ ಕಣ್ಣಿನದು ತಾನೆ? ಇಪ್ಪತ್ತನ್ನೂ ಕಂಡವಳು ಅವಳು. ಅವಳು ಬೆರಳು ಮಾಡಿದ ಕಡೆ ಗಾಜು ತಿರುಗಿಸಿ, "ಹೌದೌದು, ಕಂಡಿತು" ಎಂದವನು ನಾನು.