ಪರದೆಯ ಹಿಂದೆ ಬಿದ್ದ ದಾಳ

ತಮ್ಮಾ,

ನಾವಿಬ್ಬರೂ ಕಟ್ಟಿದ ಆಟಕ್ಕೆ ನೀನು ಬರೆದ ಹೊಸ ನಿಯಮಗಳನ್ನು ಓದಿದೆ, ಜೋರಾಗಿಯೇ ಓದಿದೆ. ಮೆಲ್ಲಗೆ ಓದುವುದು ನನ್ನ ಗಂಟಲಿಗೆ ಒಗ್ಗುವುದಿಲ್ಲ. ಮೇಜಿನ ಸುತ್ತ ಕೂತವರೇ ಪಾತ್ರಗಳಾಗಿ ಕಥೆ ನಡೆಸುತ್ತಾರಂತೆ, ಸಾವು ಬದುಕನ್ನು ದಾಳ ಎಲ್ಲರೆದುರೇ ತೀರ್ಮಾನಿಸುತ್ತದಂತೆ, ಕಥೆ ಹೇಳುವವಳು ಬೇಕಿಲ್ಲವಂತೆ. ಅಂದರೆ ನಾನು ಬೇಕಿಲ್ಲ. ಭಲೇ!

"ಅಕ್ಕಾ, ನಿಂದು ಬರೀ ನಾಟಕ. ನನ್ನ ಸೇನಾಪತಿ ಇಷ್ಟು ವರ್ಷ ಉಳ್ಕೊಂಡಿದ್ದು ದಾಳದಿಂದ, ನಿನ್ನ ಡೈಲಾಗಿಂದ ಅಲ್ಲ" ಎಂದು ಎಲ್ಲರ ಮುಂದೆ ನಕ್ಕೆಯಲ್ಲ. ಈಗ ಕೇಳು. ಆಟದಲ್ಲಿ ನೀನು ಆಡಿಸುತ್ತಿದ್ದ ಆ ಸೇನಾಪತಿ ಸೇತುವೆಯ ಮೇಲೆ ಸತ್ತ. ಕೋಟೆಯ ಬಾಗಿಲಲ್ಲಿ ಸತ್ತ. ಒಮ್ಮೆಯಂತೂ ಬರೀ ಜ್ವರಕ್ಕೆ ಸತ್ತ. ಪ್ರತಿ ಸಲವೂ ನನ್ನ ಮುಂದೆ ಕಟ್ಟಿದ್ದ ಪರದೆಯ ಹಿಂದೆ, ನಿಮಗ್ಯಾರಿಗೂ ಕಾಣದಂತೆ ಬಿದ್ದ ದಾಳವನ್ನು ಅಂಗೈಯಲ್ಲಿ ಮುಚ್ಚಿ, "ಬದುಕಿದ!" ಎಂದು ಗುಡುಗಿದವಳು ನಾನು. ಅಪ್ಪ ತೀರಿಕೊಂಡ ಮೇಲೆ ನೀನು ನಗುತ್ತಿದ್ದದ್ದು ಆ ಮೇಜಿನ ಮುಂದೆ ಮಾತ್ರ.

ಅಪ್ಪನ ನಾಟಕದ ಪರದೆಯಿಂದ ಕತ್ತರಿಸಿಕೊಂಡ ಆ ತುಂಡನ್ನು ಮಡಿಸಿ ಕಳುಹಿಸು. ನಿನ್ನ ಆಟಕ್ಕೆ ಇನ್ನು ಅದು ಬೇಡ. ದಾಳವನ್ನು ನೀನೇ ಇಟ್ಟುಕೋ. ಅದು ನಿನಗೆ ಒಲಿದದ್ದೇ ಇಲ್ಲ.

ಇಂತಿ,
ಕೆಲಸ ಕಳೆದುಕೊಂಡ ಕಥೆಗಾರ್ತಿ,
ನಿನ್ನ ಅಕ್ಕ