ಒಲೆ ಹೊಲಕ್ಕೆ ಬಂತು

ಕೂಟಗಲ್, ೧೯೧೦

ಅಣ್ಣಾ,

ಮನೆಯಲ್ಲಿ ಇಲಿಗಳು ಸತ್ತು ಬೀಳುತ್ತಿವೆ. ಪ್ಲೇಗಿಗೆ ಹೆದರಿ ಊರೆಲ್ಲ ಹೊಲಗಳಲ್ಲಿ ಗುಡಿಸಲು ಹಾಕಿಕೊಂಡಿದೆ. ಅಪ್ಪ ಮಾತ್ರ ಜಗಲಿ ಬಿಟ್ಟು ಏಳುವುದಿಲ್ಲ.

"ನಮ್ಮಪ್ಪ ಕಟ್ಟಿದ್ ಮನೆ ಕಣವ್ವ, ಬುಟ್ಟು ಎಲ್ಗೋಗ್ಲಿ?" ಅಂದ.

"ಹೋದ್ಸಲಾನೂ ಬುಡ್ಲಿಲ್ಲ, ಅವ್ವ ಸತ್ಲು. ಇನ್ನೂ ಬುದ್ಧಿ ಬರ್ಲಿಲ್ವಾ?" ಅಂದೆ. ಕೈ ಎತ್ತಿದ, ಹೊಡೆಯಲಿಲ್ಲ.

ಚರಿತ್ರೆಯಿಂದ ಪಾಠ ಕಲಿಯಬೇಕು ಅಂತ ನೀನು ಮೈಸೂರಲ್ಲಿ ಕೂತು ಬರೆಯುತ್ತೀಯ. ಮೂರನೇ ಕ್ಲಾಸಿಗೇ ನನ್ನ ಶಾಲೆ ಬಿಡಿಸಿ ಮುದ್ದೆ ತಿರುವೋ ಹಿಟ್ಟಿನ ಕೋಲು ಕೊಟ್ಟಿರಿ. ನಮ್ಮ ಮನೆಯ ಚರಿತ್ರೆಯೇ ನನಗೆ ಬೇಕಾದಷ್ಟಾಯಿತು. ಅಪ್ಪನಿಗೆ ಹೇಳಿ ಹೇಳಿ ಸಾಕಾಗಿದೆ.

ಅದಕ್ಕೇ ಬೆಳಿಗ್ಗೆ ಒಲೆ ಆರಿಸಿ, ಮಡಕೆ, ರಾಗಿಹಿಟ್ಟು ಹೊತ್ತು ನಮ್ಮ ಹೊಲಕ್ಕೆ ಬಂದೆ. ಮೂರು ಕಲ್ಲು ಹೂಡಿ ಬೆಂಕಿ ಹಾಕಿದೆ. ಹಸಿದವರು ಇಲ್ಲಿಗೇ ಬರಲಿ ಅಂತ ಕೂತೆ.

ಮಧ್ಯಾಹ್ನ ಅಪ್ಪ ಬರಲಿಲ್ಲ. ಹೊತ್ತು ಇಳಿಯುವಾಗ ಕಂಬಳಿ ಹೊದ್ದು ಬಂದ. ಒಲೆ ಮುಂದೆ ಕೂತು ಉಂಡ. "ಸಾರಿಗೆ ಒಸಿ ಉಪ್ಪು ಕಮ್ಮಿ ಆಯ್ತು" ಅಂದ. ವಾಪಸು ಹೋಗಲಿಲ್ಲ, ಗುಡಿಸಲಿಗೆ ಗಳ ಕಡಿಯಬೇಕು, ಮಚ್ಚು ಎಲ್ಲಿ ಅಂತ ಕೇಳಿದ.

ರಜಕ್ಕೆ ಬಂದಾಗ ಮನೆಗೆ ಹೋಗಬೇಡ. ನೇರ ಹೊಲಕ್ಕೆ ಬಾ.

ನಿನ್ನ ತಂಗಿ,
ಪುಟ್ಟಕೆಂಪಿ