ಅಪ್ಪ ಸುಡುವುದೆಂದರೆ ತಂದೆಯನ್ನು ಸುಡುವುದಲ್ಲ

ಹುಡುಕುತಾಣದ ಕಂಪೆನಿಯ ಮಾನ್ಯ ಕುಂದುಕೊರತೆ ಅಧಿಕಾರಿಗಳೇ,

ನಾನು ನನ್ನ ತಂದೆಯನ್ನು ಸುಟ್ಟಿಲ್ಲ. ಅವರು ಸುಳ್ಯದ ನಮ್ಮ ಮನೆಯಲ್ಲಿ, ನಾನು ಈ ಪತ್ರ ಬರೆಯುತ್ತಿರುವ ಮೇಜಿನ ಆಚೆ ಬದಿಗೆ ಕುಳಿತು, ಚಹಾಕ್ಕೆ ಸಕ್ಕರೆ ಸಾಲದೆಂದು ಗೊಣಗುತ್ತಿದ್ದಾರೆ. ಸುಟ್ಟುಹೋದವರು ಸಕ್ಕರೆ ಕೇಳುವುದಿಲ್ಲ ಎಂಬುದು ನನ್ನ ಅಲ್ಪ ತಿಳಿವಳಿಕೆ. ಆದರೆ ನಿಮ್ಮ ಹುಡುಕುತಾಣದಲ್ಲಿ ನನ್ನ ಹೆಸರನ್ನೂ ಊರನ್ನೂ ಹಾಕಿದವರಿಗೆ ಮೊದಲು ಕಾಣುವ ಸಾಲು ಬೇರೆಯೇ ಹೇಳುತ್ತದೆ. ಆ ಸಾಲನ್ನು ತೆಗೆಯಿರಿ ಎಂದು ಕಳೆದ ಮಳೆಗಾಲದಿಂದ ಕೇಳುತ್ತಿದ್ದೇನೆ. ನಿಮ್ಮ ಕಚೇರಿಯಲ್ಲಿ ಮನುಷ್ಯರು ಯಾರಾದರೂ ಇದ್ದರೆ ಅವರ ಕಣ್ಣಿಗೆ ಬೀಳಲಿ ಎಂದು ಈಗ ಊರೆಲ್ಲ ಓದುವಂತೆ ಬರೆಯುತ್ತಿದ್ದೇನೆ.

ನಾವು ಬ್ಯಾರಿಗಳು, ಕರಾವಳಿಯ ಮುಸ್ಲಿಮರು. ನಮ್ಮ ಮನೆಮಾತಿನಲ್ಲಿ ಹೆತ್ತ ತಂದೆ ಉಪ್ಪ. ಅಪ್ಪ ಎಂದರೆ ತಿನ್ನುವಂಥದ್ದು. ಅಕ್ಕಿ ನೆನೆಸಿ ಅರೆದು, ಬೆಲ್ಲ ಸೇರಿಸಿ, ಕಾದ ಎಣ್ಣೆಗೆ ಒಂದೊಂದೇ ಸೌಟು ಬಿಟ್ಟು ತೆಗೆದರೆ ಅದು ಅಪ್ಪ. ಹಾಗೆ ತೆಗೆಯುವುದಕ್ಕೆ ನಾವು ಸುಡುವುದು ಎನ್ನುತ್ತೇವೆ. ನಾವು ಮಾತ್ರವಲ್ಲ, ಪುತ್ತೂರು ಕಡೆಯ ಭಟ್ಟರ ಮನೆಗಳಲ್ಲಿ ಹಲಸಿನ ಹಣ್ಣಿನ ತಿಂಡಿಯೊಂದಕ್ಕೆ ಸುಟ್ಟವು ಎಂದೇ ಹೆಸರು. ಅದನ್ನು ತಿಂದವರನ್ನು ಯಾರೂ ಇದುವರೆಗೆ ಬೆಂಕಿ ಅಪಘಾತದ ವಿಭಾಗಕ್ಕೆ ಸೇರಿಸಿಲ್ಲ.

ಅಪ್ಪ ಸುಡುವುದೇ ನನ್ನ ಕಸುಬು. ಮದುವೆಗೆ, ಮನೆ ಒಕ್ಕಲಿಗೆ, ಪುತ್ತೂರಿನ ಹಾಸ್ಟೆಲೊಂದರ ಸಂಜೆಯ ಚಹಾಕ್ಕೆ ನನ್ನ ಒಲೆಯಿಂದ ಅಪ್ಪ ಹೋಗುತ್ತಿತ್ತು. ವ್ಯಾಪಾರ ಮಾಡುವವರಿಗೆ ವೆಬ್‌ಸೈಟ್ ಇರಬೇಕು, ಇಲ್ಲದಿದ್ದರೆ ನೀವು ಇಲ್ಲವೆಂದೇ ಲೆಕ್ಕ ಎಂದು ಎಲ್ಲರೂ ಹೇಳಿದರು. ಪೇಟೆಯಲ್ಲಿ ಕಂಪ್ಯೂಟರ್ ಕೆಲಸ ಮಾಡಿಕೊಡುವ ಭವಿತಾ ಒಂದನ್ನು ಮಾಡಿಕೊಟ್ಟಳು. ಬರೆಯುವಾಗ ಅವಳು ಕೇಳಿದ್ದಳು: "ಅಕ್ಕ, ಅಪ್ಪ ಮಾಡಿ ಕೊಡಲಾಗುತ್ತದೆ ಅಂತ ಹಾಕುವನಾ?"

"ಅಪ್ಪ ಯಾರಾದ್ರೂ ಮಾಡ್ತಾರಾ ಮಾರಾಯ್ತಿ? ಸುಡುದಲ್ವಾ?" ಎಂದೆ ನಾನು.

ಹೀಗೆ 'ಮುಂಚಿತವಾಗಿ ತಿಳಿಸಿದರೆ ಅಪ್ಪ ಸುಟ್ಟು ಮನೆಗೆ ತಲುಪಿಸಲಾಗುತ್ತದೆ' ಎಂಬ ಸಾಲು ಲೋಕಾರ್ಪಣೆಯಾಯಿತು. ನಿಮ್ಮ ಯಂತ್ರ ಅದನ್ನು ಓದಿತು, ತಾನಾಗಿಯೇ ಇಂಗ್ಲಿಷಿಗೆ ತಿರುಗಿಸಿತು. ತಂದೆಯನ್ನು ಸುಟ್ಟು ಮನೆಬಾಗಿಲಿಗೆ ಮುಟ್ಟಿಸುತ್ತೇವೆ ಎಂದು ನನ್ನ ಹೆಸರಿನಡಿ ಜಗತ್ತಿಗೆ ಸಾರಿತು. ಅಲ್ಲಿಗೂ ನಿಲ್ಲಲಿಲ್ಲ. ಎಲ್ಲೋ ದೂರದ ರಾಜ್ಯದಲ್ಲಿ ನನ್ನದೇ ಹೆಸರಿನ ಹೆಂಗಸೊಬ್ಬಳು ತಂದೆಗೆ ಬೆಂಕಿಯಿಟ್ಟಳಂತೆ. ಆ ಸುದ್ದಿಯನ್ನು ತಂದು ಕೆಳಗೆ ಅಂಟಿಸಿ, ಪಕ್ಕದಲ್ಲಿ ನಾನು ಸೌಟು ಹಿಡಿದು ನಗುತ್ತಿರುವ ಫೋಟೋ ಇಟ್ಟಿತು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವವರನ್ನು ನಾವು ಇಲ್ಲಿ ಬೇಕಾದಷ್ಟು ನೋಡಿದ್ದೇವೆ. ಕರುವಿನ ಫೋಟೋ ಸಮೇತ ಒದಗಿಸುವವರು ನೀವೇ ಮೊದಲು.

ಮೊದಮೊದಲು ನಾವೂ ನಕ್ಕೆವು. ಗುತ್ತಿಗಾರಿನ ಕಮಲಾವತಿ ಅಕ್ಕ, ನನ್ನ ಹಳೆಯ ಗಿರಾಕಿ, ಫೋನ್ ಮಾಡಿ, "ಎಂತ ಝುಲೈಖಾ, ಅಪ್ಪ ಉಂಟಾ, ಸುಟ್ಟಾಯ್ತಾ?" ಎಂದು ಕೇಳಿ ಬಿದ್ದು ಬಿದ್ದು ನಕ್ಕರು. ಆಮೇಲೆ ಹಾಸ್ಟೆಲಿನ ವಾರ್ಡನ್ ಅವರ ಫೋನ್ ಬಂತು. ಅದರಲ್ಲಿ ನಗು ಇರಲಿಲ್ಲ. "ನಂಗೆ ಗೊತ್ತುಂಟು ಝುಲೈಖಾ, ನೀವು ಅಂಥವರಲ್ಲ. ಆದ್ರೆ ಮೇಲಿನವರು ಹೆಸರು ಹಾಕಿ ನೋಡಿದ್ದಾರೆ. ಎಂತ ಮಾಡುದು ಹೇಳಿ?" ಆ ಆರ್ಡರ್ ನಿಂತಿತು. ನನ್ನ ಜೊತೆ ಒಲೆಯ ಮುಂದೆ ಕೆಲಸ ಮಾಡುತ್ತಿದ್ದ ನೆಬೀಸ ಈಗ ಬೇರೆಯವರ ಮನೆಗೆ ಪಾತ್ರೆ ತೊಳೆಯಲು ಹೋಗುತ್ತಾಳೆ. ನೀವು ನಿಮ್ಮ ಯಂತ್ರಕ್ಕೆ ಬುದ್ಧಿವಂತಿಕೆ ಎಂದು ಹೆಸರಿಟ್ಟಿದ್ದೀರಿ. ನೆಬೀಸಳ ಬಳಿ ಅದನ್ನು ಏನೆಂದು ಅನುವಾದಿಸಲಿ?

ದೂರು ಕೊಟ್ಟೆ. ವೆಬ್‌ಸೈಟ್ ತಿದ್ದಿ, ಯಂತ್ರ ಮತ್ತೆ ಬಂದು ಓದುವವರೆಗೆ ಕಾಯಿರಿ ಎಂದು ಉತ್ತರ ಬಂತು. ಸುಡುವುದನ್ನು ತೆಗೆದು 'ಅಪ್ಪ ತಯಾರಿಸಿ ಕೊಡಲಾಗುತ್ತದೆ' ಎಂದು ಬರೆಸಿದೆ. ನಿಮ್ಮ ಯಂತ್ರ ಬಂತು, ಓದಿತು, ತಂದೆಯೇ ತಯಾರಿಸಿ ಕೊಡುತ್ತಾರೆ ಎಂದಿತು. ಹಳೆಯ ಸಾಲನ್ನೂ ಬಿಡಲಿಲ್ಲ. ಈಗ ನಾನು ಸುಟ್ಟ ತಂದೆ ಸುಟ್ಟ ಮೇಲೂ ದುಡಿಯುತ್ತಿದ್ದಾರೆ! ಕೆಟ್ಟ ಸಾಲನ್ನು ಕೆಳಗೆ ತಳ್ಳಬೇಕಾದರೆ ಒಳ್ಳೆಯ ಸಾಲುಗಳನ್ನು ತುಂಬಬೇಕು ಎಂದು ತಿಳಿದವರೊಬ್ಬರು ಸಲಹೆ ಕೊಟ್ಟರು. 'ನಮ್ಮ ಉಪ್ಪ ಆರೋಗ್ಯವಾಗಿದ್ದಾರೆ' ಎಂದು ಹಾಕಿದೆ. 'ನೀವು ಹುಡುಕುತ್ತಿರುವುದು ಉಪ್ಪು ತಾನೇ?' ಎಂದು ಯಂತ್ರ ಕೇಳಿತು. ಮತ್ತೆ ದೂರು, ಮತ್ತೆ ಅದೇ ಉತ್ತರ. ಹಾಡಿದ್ದೇ ಹಾಡುವ ಕಿಸಬಾಯಿದಾಸನಿಗಾದರೂ ಒಂದು ಬಾಯಿ ಇತ್ತು, ಹಿಡಿದು ಕೇಳಬಹುದಿತ್ತು. ನನಗೆ ಸಾಕಾಗಿದೆ ಮಾನ್ಯರೇ. ಸಿಟ್ಟು ಬರುವಷ್ಟು ತ್ರಾಣವೂ ಉಳಿದಿಲ್ಲ.

ಇದು ಬರೀ ವ್ಯಾಪಾರದ ಮಾತಾಗಿದ್ದರೆ ಬಿಟ್ಟುಬಿಡುತ್ತಿದ್ದೆ. ಆದರೆ ಹಿರಿಯರ ಕ್ಷೇಮ ವಿಚಾರಿಸುವ ಸಂಸ್ಥೆಯೊಂದರಿಂದ ಇಬ್ಬರು ಮನೆಗೆ ಬಂದರು. ನಿಮ್ಮ ಸಾಲು ಓದಿದ ಯಾರೋ ಪುಣ್ಯಾತ್ಮರು ಅವರಿಗೆ ತಿಳಿಸಿದ್ದರು. ಘಟ್ಟದ ಮೇಲಿನವರು, ಒಳ್ಳೆಯವರೇ. ನನ್ನನ್ನು ಒಳಗೆ ಇರಲು ಹೇಳಿ ಉಪ್ಪನನ್ನು ಜಗಲಿಗೆ ಕರೆದರು. "ಅಜ್ಜ, ಮನೆಯಲ್ಲಿ ಏನಾದರೂ ತೊಂದರೆ ಇದೆಯಾ? ಹೆದರಬೇಡಿ, ಹೇಳಿ" ಎಂದು ಕೇಳಿದ್ದು ನನಗೆ ಕೇಳಿಸಿತು. "ಎಂತ ತೊಂದರೆ? ಸಕ್ಕರೆ ಕಡಿಮೆ ಹಾಕ್ತಾಳೆ, ಅಷ್ಟೇ" ಎಂದರು ಉಪ್ಪ. ಅಷ್ಟರಲ್ಲಿ ಬಂದವರ ಕಣ್ಣು ಅವರ ಕೈಯ ಮೇಲೆ ಬಿತ್ತು. ಮೊಣಕೈಯಿಂದ ಮಣಿಕಟ್ಟಿನವರೆಗೆ ಸುಟ್ಟ ಗಾಯದ ಕಲೆ. ಉಪ್ಪ ಬಸ್‌ಸ್ಟ್ಯಾಂಡ್ ಪಕ್ಕ ಚಹಾದಂಗಡಿ ಇಟ್ಟಿದ್ದಾಗ ಬಾಣಲೆ ಮಗುಚಿ ಆದದ್ದು. ನನಗೆ ಅಪ್ಪ ಸುಡಲು ಕಲಿಸಿದ ಕೈ ಅದು.

"ಇದು ಹೇಗಾಯಿತು ಅಜ್ಜ?"

"ಅದಾ? ಅಪ್ಪ ಸುಡುವಾಗ ಆದದ್ದು" ಎಂದರು ಉಪ್ಪ, ಸತ್ಯವನ್ನೇ, ನಗುತ್ತ.

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಾನು ಹೊರಗೆ ಬಂದು ವಿವರಿಸಿದೆ. ಒಂದು ತಟ್ಟೆ ಅಪ್ಪ ತಂದಿಟ್ಟೆ. ಅವರು ನಂಬಿದರೋ ಇಲ್ಲವೋ ಗೊತ್ತಿಲ್ಲ, ತಿನ್ನಲಂತೂ ಇಲ್ಲ. ಉಪ್ಪನಿಗೆ ಆ ನೋಟ ಅರ್ಥವಾಯಿತು. ಮರುದಿನದಿಂದ ಅವರು ತುಂಬುತೋಳಿನ ಅಂಗಿ ತೊಡುತ್ತಾರೆ. ಈ ಸೆಕೆಯಲ್ಲೂ ಗುಂಡಿ ಬಿಚ್ಚುವುದಿಲ್ಲ. ಶುಕ್ರವಾರ ಪಳ್ಳಿಗೆ ಹೋದರೆ ನಮಾಜು ಮುಗಿಸಿ ನೇರ ಮನೆಗೆ. ಮೊದಲು ಮಾತಾಡಿ ಮುಗಿಯದೆ ಮಧ್ಯಾಹ್ನದ ಊಟಕ್ಕೆ ತಡವಾಗುತ್ತಿತ್ತು.

ಮೊನ್ನೆ ನಿಮ್ಮಿಂದ ಹೊಸ ಉತ್ತರ ಬಂತು. ಸದರಿ ವಿಷಯಕ್ಕೆ ಸಂಬಂಧಪಟ್ಟ ವ್ಯಕ್ತಿಯೇ, ಅಂದರೆ ಸುಡಲ್ಪಟ್ಟವರೇ, ಗುರುತಿನ ಚೀಟಿ ಹಿಡಿದ ಫೋಟೋದೊಂದಿಗೆ ಅರ್ಜಿ ಹಾಕಬೇಕಂತೆ. ಭವಿತಾ ಮೊಬೈಲು ಹಿಡಿದು ಬಂದಳು. ಉಪ್ಪ ಟೊಪ್ಪಿ ಸರಿಮಾಡಿಕೊಂಡು ಕುಳಿತರು. ಚೀಟಿಯನ್ನು ಎತ್ತಿ ಹಿಡಿಯಬೇಕು ಎಂದಾಗ ಅಂಗಿಯ ತೋಳು ಮೇಲೆ ಸರಿದು ಕಲೆ ಕಂಡಿತು. ಥಟ್ಟನೆ ಕೈ ಕೆಳಗಿಳಿಸಿದರು.

"ಮಗಾ, ಮುಖ ಮಾತ್ರ ತೆಗಿ. ಕೈ ಬರುದು ಬೇಡ. ಇವಳಿಗೆ ತೊಂದರೆ ಆಗ್ತದೆ" ಎಂದರು.

ಆ ಫೋಟೋ ನಾನು ತೆಗೆಸಲಿಲ್ಲ, ಕಳುಹಿಸುವುದೂ ಇಲ್ಲ. ಆ ಸಾಲನ್ನೂ ಅದರ ಕೆಳಗೆ ಅಂಟಿಸಿದ ಸುದ್ದಿಯನ್ನೂ ತೆಗೆಯಿರಿ. ಯಂತ್ರದಿಂದ ಆಗದಿದ್ದರೆ ನೀವೇ ಕುರ್ಚಿಯಿಂದೆದ್ದು ಕೈಯಾರೆ ತೆಗೆಯಿರಿ. ನನ್ನ ಉಪ್ಪ, ಈ ಮನೆಯನ್ನು ಸಾಕಿದ ಕೈಯನ್ನು, ನನ್ನನ್ನು ಉಳಿಸಲೆಂದು ಬಚ್ಚಿಟ್ಟುಕೊಂಡು ಕೂತಿದ್ದಾರೆ.

ಇಂತಿ,
ನಿಮ್ಮ ಹುಡುಕುತಾಣದ ಹತ್ತನೆಯ ಪುಟಕ್ಕೆ ತಳ್ಳಿದರೂ ಬೇಸರವಿಲ್ಲದ,
ಝುಲೈಖಾ, ಸುಳ್ಯ